ಸದ್ದಡಗಿದರೆ ಸಾಕೇ?

ಒಂದು ವಸ್ತುವಾಗಲಿ, ಮನೆಯ ಒಬ್ಬ ಸದಸ್ಯನಾಗಲಿ ದೂರು ಹೇಳುವುದನ್ನು ನಿಲ್ಲಿಸಿದೊಡನೆ ನಾವು ಎಲ್ಲವೂ ಸರಿಹೋಯಿತೆಂದು ಸಮಾಧಾನಪಟ್ಟುಕೊಳ್ಳುತ್ತೇವೆ. ಈ ಸಮಾಧಾನ ಎಷ್ಟರಮಟ್ಟಿಗೆ ನ್ಯಾಯವಾದುದು? ಮಗನ ಸೈಕಲ್ಲಿನ ಒಂದು ಬೋಲ್ಟಿನಿಂದಾಗಿ ಈ ಪ್ರಶ್ನೆ ನನ್ನ ಮುಂದೆ ಬಂದು ನಿಂತಿತು.

ಕಾಲೇಜಿಗೆ ಹೋಗಿಬರಲೆಂದು ಅವನಿಗೊಂದು ಗೇರ್ ಸೈಕಲ್ ಕೊಡಿಸಿದ್ದೆ. ಕೆಲವು ತಿಂಗಳು ಕಳೆದ ಮೇಲೆ, "ಅಪ್ಪಾ, ಎಡಗಾಲು ಒತ್ತಿದಾಗಲೆಲ್ಲ ಟಕ್ ಟಕ್ ಅಂತ ಸದ್ದು ಬರುತ್ತೆ" ಎಂದ. ಪೆಡಲನ್ನು ಹೊತ್ತಿರುವ ಕ್ರ್ಯಾಂಕ್ ತೋಳಿನ ಬೋಲ್ಟ್ ಸಡಿಲವಾಗಿತ್ತು. ಮನೆಯಲ್ಲಿದ್ದ ಪುಟ್ಟ ಅಲೆನ್ ಕೀಯಿಂದ ಕೈ ನೋಯುವವರೆಗೆ ತಿರುಗಿಸಿದೆ. ಸದ್ದು ನಿಂತಿತು. ವಾರದೊಳಗೆ ಅವನು ಮತ್ತೆ ಬಂದ, ಮತ್ತೆ ತಿರುಗಿಸಿದೆ. ಮೂರನೆಯ ಸಲ, "ಮೊನ್ನೆ ತಾನೆ ಮಾಡಿಕೊಟ್ಟೆನಲ್ಲ!" ಎಂದು ಗದರಿದೆ. ಆಮೇಲೆ ಅವನು ಹೇಳಲಿಲ್ಲ. ಸರಿಹೋಗಿರಬೇಕೆಂದು ನಾನೂ ಮರೆತುಬಿಟ್ಟೆ.

ಒಂದು ಸಂಜೆ ಮಗ ಸೈಕಲ್ಲನ್ನು ತಳ್ಳಿಕೊಂಡು ಬಂದ. ಮೊಣಕೈ ತರಚಿತ್ತು. ಜನನಿಬಿಡ ರಸ್ತೆಯಲ್ಲಿ ಕ್ರ್ಯಾಂಕ್ ಕಳಚಿ ಬಿದ್ದಿದ್ದನಂತೆ. ಹಿಂದೆ ಯಾವ ವಾಹನವೂ ಇರಲಿಲ್ಲವೆಂಬುದೊಂದೇ ಸಮಾಧಾನ.

ರಿಪೇರಿಯವರು ಆ ತೋಳನ್ನು ನನ್ನ ಅಂಗೈಯಲ್ಲಿಟ್ಟು, "ತೂತು ನೋಡಿ ಸಾರ್, ಚೌಕ ಹೋಗಿ ದುಂಡಗಾಗಿದೆ" ಎಂದರು. ಅವರು ವಿವರಿಸಿದ್ದನ್ನು ನಿಮಗೂ ಹೇಳುವುದು ಉಪಯುಕ್ತವೆಂದು ಭಾವಿಸುತ್ತೇನೆ. ನಮ್ಮ ಹಳೆಯ ಕಪ್ಪು ಸೈಕಲ್ಲುಗಳಲ್ಲಿ ಕ್ರ್ಯಾಂಕನ್ನು ಕಾಟರ್ ಪಿನ್ ಹಿಡಿದಿಡುತ್ತದೆ. ಈ ಬಗೆಯ ಸೈಕಲ್ಲಿನಲ್ಲಾದರೋ ಉಕ್ಕಿನ ಅಚ್ಚಿನ ತುದಿಯನ್ನು ಚೌಕವಾಗಿ, ಹೊರಕ್ಕೆ ಬಂದಂತೆಲ್ಲ ಕಿರಿದಾಗುವಂತೆ ಕಡೆದಿರುತ್ತಾರೆ. ಅಲ್ಯೂಮಿನಿಯಂ ತೋಳಿನಲ್ಲಿ ಅದಕ್ಕೆ ಹೊಂದುವ ಚೌಕದ ತೂತಿರುತ್ತದೆ. ಬೋಲ್ಟ್ ಬಿಗಿದಂತೆ ತೋಳು ಅಚ್ಚಿನ ಮೇಲೇರಿ ಕಚ್ಚಿಕೊಳ್ಳುತ್ತದೆ. ತುಳಿತದ ಭಾರವನ್ನು ಹೊರುವುದು ಆ ಕಚ್ಚುವಿಕೆಯೇ. ಬಿಗಿ ಸಾಲದಿದ್ದರೆ ಪ್ರತಿಯೊಂದು ತುಳಿತಕ್ಕೂ ಗಟ್ಟಿಯಾದ ಉಕ್ಕು ಮೆದುವಾದ ಅಲ್ಯೂಮಿನಿಯಮನ್ನು ಸವೆಸುತ್ತದೆ. ಅತಿಯಾಗಿ ಬಿಗಿದರೆ ತೋಳು ಮಿತಿಮೀರಿ ಮೇಲೇರಿ ಸೀಳಿಬಿಡಬಹುದು.

ಆದ್ದರಿಂದ ಇದಕ್ಕೊಂದು ಅಳತೆಯಿದೆ. ತಯಾರಕರ ಕೈಪಿಡಿಯಲ್ಲಿ ಅದು ನಮೂದಾಗಿರುತ್ತದೆ. ಈ ಬಗೆಯ ಕ್ರ್ಯಾಂಕಿಗೆ ಸಾಮಾನ್ಯವಾಗಿ 35ರಿಂದ 50 ನ್ಯೂಟನ್ ಮೀಟರ್. 40 ನ್ಯೂಟನ್ ಮೀಟರ್ ಎಂದರೆ 25 ಸೆಂಟಿಮೀಟರ್ ಉದ್ದದ ಹಿಡಿಯ ತುದಿಯಲ್ಲಿ ಸುಮಾರು 16 ಕಿಲೋ ಭಾರ ಹಾಕಿದಂತೆ. ನನ್ನ ಕೀಲಿಯ ಉದ್ದ 10 ಸೆಂಟಿಮೀಟರ್ ಇದ್ದೀತು. ಅದರಿಂದ ಅಷ್ಟೇ ಬಿಗಿ ಬರಬೇಕಾದರೆ 40 ಕಿಲೋ ಭಾರ ಬೇಕು! ನನ್ನ ಕೈ ನೋಯ್ದದ್ದು ಸತ್ಯ. ಆದರೆ ಆ ನೋವು ಬೋಲ್ಟ್ ಬಿಗಿಯಾಗಿದೆ ಎಂಬುದಕ್ಕೆ ಸಾಕ್ಷಿಯಾಗಿರಲಿಲ್ಲ. ಟಾರ್ಕ್ ವ್ರೆಂಚ್ ಎಂಬ ಅಳತೆಯ ಸಲಕರಣೆ ಇರುವುದು ಈ ಕಾರಣಕ್ಕಾಗಿಯೇ. ಎಷ್ಟು ಶ್ರಮಪಟ್ಟೆವೆಂಬುದು ಅದಕ್ಕೆ ಮುಖ್ಯವಲ್ಲ, ಎಷ್ಟು ಬಿಗಿಯಾಯಿತೆಂಬುದಷ್ಟೇ ಮುಖ್ಯ.

"ಹಾಗಾದರೆ ಈಗ ಸರಿಯಾದ ಅಳತೆಗೆ ಬಿಗಿದುಕೊಡಿ" ಎಂದೆ. "ಪ್ರಯೋಜನವಿಲ್ಲ. ನಾಲ್ಕು ದಿನ ಸದ್ದಿಲ್ಲದೆ ಓಡುತ್ತೆ, ಮತ್ತೆ ಕಳಚುತ್ತೆ" ಎಂದರು.

ಓದುಗರೇ, ಇಲ್ಲಿ ನನ್ನ ಮನಸ್ಸಿನಲ್ಲಿ ಸುಳಿದ ಒಂದು ಯೋಚನೆಯನ್ನು ಮುಚ್ಚಿಡದೆ ಹೇಳಬೇಕು. ಬಂಧುಗಳೊಬ್ಬರು ತಮ್ಮ ಮಗಳಿಗಾಗಿ ಹಳೆಯ ಸೈಕಲ್ ಇದ್ದರೆ ಕೊಡಿ ಎಂದು ಕೇಳಿದ್ದರು. ನಾಲ್ಕು ದಿನ ಸದ್ದಿಲ್ಲದೆ ಓಡುವ ಈ ಸೈಕಲ್ಲನ್ನು ಅವರಿಗೆ ಕೊಟ್ಟು ಮಗನಿಗೆ ಹೊಸದನ್ನು ಕೊಳ್ಳಬಹುದಲ್ಲ? ಉಚಿತವಾಗಿ ಕೊಡುವುದರಿಂದ ಉಪಕಾರವೆಂಬ ಹೆಸರೂ ಬರುತ್ತಿತ್ತು. ಮಗ ನನ್ನ ಮುಖವನ್ನೇ ನೋಡುತ್ತಿದ್ದ. ತರಚಿದ ಅವನ ಮೊಣಕೈಯನ್ನು ಕಂಡಾಗ, ಇನ್ನೊಬ್ಬರ ಮಗಳಿಗೆ ನಾನು ಉಡುಗೊರೆಯಾಗಿ ಕೊಡಹೊರಟಿದ್ದುದು ಏನೆಂದು ಅರ್ಥವಾಯಿತು. ಹೊಸ ಕ್ರ್ಯಾಂಕ್ ಹಾಕಿಸಿದೆ. ಅಳತೆಗೆ ಬಿಗಿಯುವಾಗ ಪಕ್ಕದಲ್ಲಿ ನಿಂತು ನೋಡಿದೆ.

ನಾನು ಮಗನನ್ನು ಪ್ರೀತಿಸಲಿಲ್ಲವೇ? ಪ್ರೀತಿಸುತ್ತಿದ್ದೆ. ನನ್ನ ಉದ್ದೇಶ ಒಳ್ಳೆಯದಾಗಿರಲಿಲ್ಲವೇ? ಆಗಿತ್ತು. ಆದರೆ ನಮ್ಮ ಕೆಲಸದ ಭಾರವನ್ನು ಇನ್ನೊಬ್ಬರ ದೇಹ ಹೊರಬೇಕಾಗಿರುವಾಗ ಸದುದ್ದೇಶವೊಂದೇ ಸಾಲದು. ತಿಳಿದವರನ್ನು ಕೇಳುವುದು, ಅಳೆದು ನೋಡುವುದು, ಒಪ್ಪದಿದ್ದಾಗ ಮತ್ತೆ ಬಿಚ್ಚಿ ನೋಡುವುದು, ಇವೂ ಪ್ರೀತಿಯ ಕರ್ತವ್ಯಗಳೇ. ಬಹುಕಾಲ ಅಲಕ್ಷಿಸಿದ ಮೇಲೆ ಒಮ್ಮೆಲೇ ಬಲ ಹಾಕಿ ಬಿಗಿದರೆ ಸವೆದದ್ದು ಮರಳಿ ಬಾರದು. ಮಕ್ಕಳನ್ನು ವರ್ಷಗಟ್ಟಲೆ ವಿಚಾರಿಸದೆ, ಒಂದು ದಿನ ಹಠಾತ್ತನೆ ಕಟ್ಟುನಿಟ್ಟು ಹೇರುವ ತಂದೆತಾಯಂದಿರು ಇದನ್ನು ಬಲ್ಲರು.

ನನ್ನನ್ನು ಇಂದಿಗೂ ಕಾಡುವುದು ಆ ಮೂರನೆಯ ಗದರಿಕೆ. ಬೋಲ್ಟ್ ಟಕ್ ಟಕ್ ಎನ್ನುತ್ತಲೇ ಇತ್ತು. ಮಗನ ಬಾಯಿಯನ್ನು ಮಾತ್ರ ನಾನು ಮುಚ್ಚಿಸಿದ್ದೆ. ನಮ್ಮ ಮನೆಗಳಲ್ಲಿ ಮೌನವಾಗಿರುವ ಮಗಳು, ಏನನ್ನೂ ಕೇಳದ ಮಡದಿ, ನೋವನ್ನು ಹೇಳಿಕೊಳ್ಳದ ಮುಪ್ಪಿನ ತಾಯಿ, ಇವರೆಲ್ಲರ ಮೌನ ನೆಮ್ಮದಿಯದೋ ಅಥವಾ ಹೇಳಿ ಪ್ರಯೋಜನವಿಲ್ಲವೆಂಬ ನಿರಾಸೆಯದೋ?

ಇಂದು ಸಂಜೆ ಮನೆಯ ಸೈಕಲ್ಲಿನ ಎರಡೂ ಕ್ರ್ಯಾಂಕುಗಳನ್ನು ಒಂದೊಂದಾಗಿ ಹಿಡಿದು ಅಡ್ಡಡ್ಡ ಅಲುಗಿಸಿ ನೋಡಿ. ಒಂದು ಮಾತ್ರ ಅಲುಗಿದರೆ ಅದರ ಬೋಲ್ಟನ್ನು ಪರೀಕ್ಷಿಸಿ. ಎರಡೂ ಒಟ್ಟಿಗೆ ಅಲುಗಿದರೆ ದೋಷ ಒಳಗಿನ ಬೇರಿಂಗಿನಲ್ಲಿರಬಹುದು. ಆಮೇಲೆ ಆ ಸೈಕಲ್ಲನ್ನು ತುಳಿಯುವ ಮಗುವನ್ನು ಹತ್ತಿರ ಕರೆದು, "ಏನಾದರೂ ಸದ್ದು ಬರುತ್ತಿದೆಯೇ?" ಎಂದು ಕೇಳಿ. ಉತ್ತರ ಬರುವವರೆಗೆ ಕಾದಿರಿ.