ಮೂಳೆಯಲ್ಲಿ ಇರಬೇಕಾದ ಸುಣ್ಣ



ತಿಂಗಳ ಮೊದಲ ಶುಕ್ರವಾರ ಮನೆಯಲ್ಲೇ ಇರುವ ರೋಗಿಗಳಿಗೆ ಪರಮಪ್ರಸಾದ ಕೊಂಡೊಯ್ಯುವ ರೂಢಿ ನಿಮಗೆಲ್ಲ ಗೊತ್ತಿದೆ. ಹಾಗೆ ನಾನು ಹೋಗುವ ಮನೆಗಳಲ್ಲಿ ಒಂದರಲ್ಲಿ ಎಪ್ಪತ್ತೆರಡು ವರ್ಷದ ಅಜ್ಜಿಯೊಬ್ಬರಿದ್ದಾರೆ. ಕಳೆದ ಪಾಸ್ಕ ಹಬ್ಬ ಮುಗಿದ ಕೆಲವೇ ದಿನಗಳಲ್ಲಿ, ಬೆಳಗಿನ ಜಾವ ಡೈರಿಗೆ ಕಳಿಸಬೇಕಾದ ಹಾಲಿನ ಕ್ಯಾನನ್ನು ಎತ್ತಲು ಅವರು ಬಗ್ಗಿದರು. ಬೆನ್ನಿನಲ್ಲಿ ಏನೋ ಕಟಕ್ಕೆಂದಿತು. ಅವರು ಬೀಳಲಿಲ್ಲ, ಯಾವುದಕ್ಕೂ ಬಡಿಸಿಕೊಳ್ಳಲಿಲ್ಲ. ಆದರೂ ಬೆನ್ನುಮೂಳೆಯ ಒಂದು ಮಣಿ ಕುಸಿದುಹೋಗಿತ್ತು.

ವೈದ್ಯರು ಎಕ್ಸ್-ರೇ ಹಾಳೆಯನ್ನು ಬೆಳಕಿಗೆ ಹಿಡಿದು ಮಗನಿಗೆ ಎರಡು ಸಂಗತಿ ತೋರಿಸಿದರಂತೆ. ಬೆಳ್ಳಗೆ ಗಟ್ಟಿಯಾಗಿ ಕಾಣಬೇಕಾದ ಮೂಳೆಗಳು ಮಸುಕಾಗಿದ್ದವು. ಅದೇ ಬೆನ್ನುಮೂಳೆಯ ಮುಂದೆ, ಹೃದಯದಿಂದ ಇಳಿದು ಬರುವ ದೊಡ್ಡ ರಕ್ತನಾಳದ ಗೋಡೆಯ ಉದ್ದಕ್ಕೂ, ಸೀಮೆಸುಣ್ಣದಲ್ಲಿ ಎಳೆದಂತೆ ಬಿಳಿ ಗೆರೆ ಇತ್ತು.

ಅಂದಿನಿಂದ ಆ ಮನೆಯಲ್ಲಿ ವಾದ ಶುರುವಾಯಿತು. "ಅವ್ವನಿಗೆ ಸುಣ್ಣದಂಶ ಕಡಿಮೆ" ಎಂದು ಮಗ ಔಷಧಿ ಅಂಗಡಿಯಿಂದ ಕ್ಯಾಲ್ಸಿಯಂ ಮಾತ್ರೆ ತಂದು, ಒಂದರ ಬದಲು ಮೂರು ನುಂಗಿಸತೊಡಗಿದ. "ಅತ್ತೆಯ ರಕ್ತನಾಳದಲ್ಲಿ ಸುಣ್ಣ ಕಟ್ಟಿದೆಯಲ್ಲ" ಎಂದು ಸೊಸೆ ಹಾಲು ಮೊಸರು ನಿಲ್ಲಿಸಿದಳು. ಇಬ್ಬರದೂ ಪ್ರೀತಿಯೇ. ಅಜ್ಜಿ ಮಾತ್ರ ನನ್ನನ್ನು ಕೇಳಿದರು: "ಸ್ವಾಮಿ, ಮೂಳೇಲಿ ಸುಣ್ಣ ಇಲ್ಲ ಅಂತಾರೆ, ನರದಾಗೆ ಸುಣ್ಣ ಐತೆ ಅಂತಾರೆ. ಇದ್ಯಾವ ಲೆಕ್ಕ? ನಾನೇನು ಪಾಪ ಮಾಡಿದ್ದೆ ಅಂತ ದೇವರು ಹಿಂಗೆ ಮಾಡಿದ್ರು?"

ಎರಡನೆಯ ಪ್ರಶ್ನೆಗೆ ಉತ್ತರ ಕೊಡುವುದು ಕಷ್ಟವಾಗಲಿಲ್ಲ. ಹುಟ್ಟುಕುರುಡನನ್ನು ಕಂಡು ಶಿಷ್ಯರು ಕೇಳಿದ್ದೂ ಇದನ್ನೇ (ಯೊವಾನ್ನ 9). ಯಾರ ಪಾಪದ ಲೆಕ್ಕಕ್ಕೂ ಆ ಕಾಯಿಲೆಯನ್ನು ಯೇಸುಸ್ವಾಮಿ ಬರೆಯಲಿಲ್ಲ. ಆದರೆ ಮೊದಲನೆಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ತಿಳಿದವರನ್ನು ಕೇಳಿ, ಓದಿ ಅರ್ಥ ಮಾಡಿಕೊಂಡದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ. ಏಕೆಂದರೆ ಆ ಮನೆಯ ವಾದ ಅದೊಂದೇ ಮನೆಯ ವಾದವಲ್ಲ.

ಮೂಳೆ ಕೊಡುವ ಸಾಲ

ವಯಸ್ಕರ ದೇಹದಲ್ಲಿ ಸುಮಾರು ಒಂದು ಕಿಲೋದಷ್ಟು ಕ್ಯಾಲ್ಸಿಯಂ ಇರುತ್ತದೆ. ಅದರ 99 ಪಾಲು ಮೂಳೆ ಮತ್ತು ಹಲ್ಲುಗಳಲ್ಲೇ. ಉಳಿದ ಅಲ್ಪ ಭಾಗ ರಕ್ತದಲ್ಲಿ, ಮಾಂಸಖಂಡಗಳಲ್ಲಿ ಇದ್ದು, ಹೃದಯ ಬಡಿಯಲು, ನರಗಳು ಕೆಲಸ ಮಾಡಲು ಬೇಕಾಗುತ್ತದೆ. ರಕ್ತದಲ್ಲಿ ಇದು ಸ್ವಲ್ಪ ಇಳಿದರೂ ಕುತ್ತಿಗೆಯಲ್ಲಿರುವ ನಾಲ್ಕು ಪುಟ್ಟ ಗ್ರಂಥಿಗಳು ಎಚ್ಚೆತ್ತು, ಮೂಳೆಯಿಂದ ಕ್ಯಾಲ್ಸಿಯಂ ಬಿಡಿಸಿ ರಕ್ತಕ್ಕೆ ಕೊಡುತ್ತವೆ. ಊಟದಲ್ಲಿ ಮತ್ತೆ ಬಂದರೆ ಸಾಲ ತೀರುತ್ತದೆ. ಬಾರದಿದ್ದರೆ ಮೂಳೆ ಕೊಡುತ್ತಲೇ ಇರುತ್ತದೆ. ನೋವಿಲ್ಲ, ಸದ್ದಿಲ್ಲ. ರಕ್ತ ಪರೀಕ್ಷೆ ಮಾಡಿಸಿದರೂ ಕ್ಯಾಲ್ಸಿಯಂ ಸರಿಯಾಗಿಯೇ ಇದೆ ಎಂದು ಬರಬಹುದು. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಈ ಸವೆತ ಬೇಗ ನಡೆಯುತ್ತದೆ. ಒಂದು ದಿನ ಕ್ಯಾನ್ ಎತ್ತುವಾಗ ಗೊತ್ತಾಗುತ್ತದೆ.

ಹಾಗಾದರೆ ರಕ್ತನಾಳದಲ್ಲಿ ಸುಣ್ಣ ಕಟ್ಟುವುದೇಕೆ? ಹಳೆಯ ಕೊಳಾಯಿಯಲ್ಲಿ ಗಡಸು ನೀರಿನ ಸುಣ್ಣ ಕಟ್ಟುವಂತೆ ವಯಸ್ಸಾದಂತೆ ಇದೂ ತಾನಾಗಿ ಆಗುತ್ತದೆ ಎಂದು ಬಹುಕಾಲ ತಿಳಿಯಲಾಗಿತ್ತು. ಈಗ ತಿಳಿದಿರುವುದು ಬೇರೆ. ರಕ್ತನಾಳದ ಗೋಡೆಯಲ್ಲಿರುವ ಸ್ನಾಯು ಕೋಶಗಳು, ದೀರ್ಘಕಾಲದ ಪೆಟ್ಟಿನಿಂದ ತಮ್ಮ ಸ್ವಭಾವ ಮರೆತು, ಮೂಳೆ ಕಟ್ಟುವ ಕೋಶಗಳಂತೆ ವರ್ತಿಸತೊಡಗುತ್ತವೆ. ಮೂಳೆ ಬೆಳೆಯಲು ಪ್ರೇರೇಪಿಸುವ ಒಂದು ಪ್ರೋಟೀನು ಸುಣ್ಣ ಕಟ್ಟಿದ ಮಾನವ ರಕ್ತನಾಳದಲ್ಲಿಯೇ ಇರುವುದನ್ನು 1993ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಮೆತ್ತಗೆ ಹಿಗ್ಗಿ ಕುಗ್ಗಬೇಕಾದ ನಾಳ ಹೀಗೆ ಬಿರುಸಾಗುತ್ತದೆ, ಹೃದಯದ ಕೆಲಸ ಭಾರವಾಗುತ್ತದೆ.

ಇವೆರಡಕ್ಕೂ ಸಂಬಂಧವಿದೆಯೇ? ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಎಂಬ ಊರಿನ ಜನರ ಆರೋಗ್ಯವನ್ನು 1948ರಿಂದ ಅಭ್ಯಾಸ ಮಾಡುತ್ತ ಬಂದಿದ್ದಾರೆ. ಅಲ್ಲಿನವರ ಅಂಗೈ ಮೂಳೆ ಮತ್ತು ಮಹಾಪಧಮನಿಯ 25 ವರ್ಷಗಳ ಎಕ್ಸ್-ರೇಗಳನ್ನು ಹೋಲಿಸಿದ ವರದಿ 2001ರಲ್ಲಿ ಪ್ರಕಟವಾಯಿತು. ಯಾವ ಹೆಂಗಸರ ಮೂಳೆ ಹೆಚ್ಚು ಸವೆದಿತ್ತೋ ಅವರ ರಕ್ತನಾಳದಲ್ಲೇ ಸುಣ್ಣ ಹೆಚ್ಚು ಕಟ್ಟಿತ್ತು. ಕಿಡ್ನಿ ಕೆಟ್ಟವರಲ್ಲಂತೂ ಮೂಳೆ ದುರ್ಬಲವಾಗುವುದೂ ರಕ್ತನಾಳ ಗಟ್ಟಿಯಾಗುವುದೂ ಒಟ್ಟಿಗೇ ನಡೆಯುವುದನ್ನು ವೈದ್ಯರು ದಿನವೂ ಕಾಣುತ್ತಾರೆ.

ಕಾವಲು ತಪ್ಪಿದಾಗ

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು 1998ರ ಒಂದು ಪ್ರಯೋಗ. ನಮ್ಮ ದೇಹದಲ್ಲಿ ಆಸ್ಟಿಯೋಪ್ರೊಟೆಗೆರಿನ್ ಎಂಬ ಪ್ರೋಟೀನಿದೆ. ಮೂಳೆಯನ್ನು ಕಾಯುವುದು ಎಂದೇ ಆ ಹೆಸರಿನ ಅರ್ಥ. ಮೂಳೆಯನ್ನು ಕರಗಿಸುವ ಕೋಶಗಳು ಮಿತಿಮೀರದಂತೆ ಅದು ತಡೆಯುತ್ತದೆ. ಈ ಪ್ರೋಟೀನು ಹುಟ್ಟದಂತೆ ಮಾಡಿದ ಇಲಿಗಳನ್ನು ವಿಜ್ಞಾನಿಗಳು ಗಮನಿಸಿದರು. ಎಳವೆಯಲ್ಲೇ ಅವುಗಳ ಮೂಳೆ ಟೊಳ್ಳಾಗಿ ಮುರಿಯತೊಡಗಿತು. ಅದೇ ಇಲಿಗಳ ಮಹಾಪಧಮನಿಯಲ್ಲಿ ಸುಣ್ಣ ಕಟ್ಟಿತು. ಒಬ್ಬನೇ ಕಾವಲುಗಾರ ಇಲ್ಲದಾದ, ಎರಡು ಕಡೆ ಹಾನಿಯಾಯಿತು.

ಮನುಷ್ಯರಲ್ಲಿ ವಿಷಯ ಇಷ್ಟು ಸರಳವಲ್ಲ. ವಯಸ್ಸು, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೀಡಿ ಸಿಗರೇಟು, ಕಿಡ್ನಿಯ ತೊಂದರೆ ಎಲ್ಲವೂ ಸೇರುತ್ತವೆ. ಮೂಳೆಯಿಂದ ಹೊರಟ ಸುಣ್ಣವೇ ನೇರವಾಗಿ ನಾಳಕ್ಕೆ ಬಂದು ಕೂತಿತು ಎನ್ನುವಂತಿಲ್ಲ. ಆದರೆ ಇಷ್ಟು ನಿಜ: ಮಗನೂ ಸೊಸೆಯೂ ಸುಣ್ಣ ಎಷ್ಟಿದೆ ಎಂದು ನೋಡಿದರು. ಕೆಟ್ಟಿದ್ದು ಅದನ್ನು ಅದರ ಜಾಗದಲ್ಲಿ ಇಡುವ ವ್ಯವಸ್ಥೆ.

ಗುರುಮಠದಲ್ಲಿ ತತ್ವಶಾಸ್ತ್ರ ಕಲಿಯುವಾಗ ಸಂತ ಅಗಸ್ಟೀನರ ಒಂದು ವಿಚಾರ ಓದಿದ್ದೆ. ದೇವರು ಸೃಷ್ಟಿಸಿದ ಯಾವ ವಸ್ತುವೂ ಕೆಟ್ಟದ್ದಲ್ಲ, ಇರಬೇಕಾದ ಒಳಿತು ಇರಬೇಕಾದ ಕ್ರಮದಲ್ಲಿ ಇಲ್ಲದಿರುವುದೇ ಕೆಡುಕು ಎಂದು ಅವರು ಕಲಿಸಿದರು. ಅಂದು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ ಮಾತು ಆ ಎಕ್ಸ್-ರೇ ಹಾಳೆಯ ಮುಂದೆ ನನಗೆ ಅರ್ಥವಾಯಿತು. ಮೂಳೆಯಲ್ಲಿ ನಮ್ಮನ್ನು ನೆಟ್ಟಗೆ ನಿಲ್ಲಿಸುವ ಅದೇ ಸುಣ್ಣ ನಾಳದಲ್ಲಿ ಹೃದಯಕ್ಕೆ ಭಾರ.

ಪ್ರವಾದಿ ಯೆಜೆಕಿಯೇಲನ ಗ್ರಂಥ ತೆರೆದು ನೋಡಿ. 36ನೇ ಅಧ್ಯಾಯದಲ್ಲಿ ದೇವರು ತಮ್ಮ ಜನರ ಕಲ್ಲಾದ ಹೃದಯವನ್ನು ತೆಗೆದು ಮೃದುವಾದ ಹೃದಯ ಕೊಡುವ ಮಾತು ಕೊಡುತ್ತಾರೆ. ಅದರ ಮರು ಅಧ್ಯಾಯದಲ್ಲೇ ಕಣಿವೆಯ ಒಣಮೂಳೆಗಳಿಗೆ ಜೀವ ಬರುತ್ತದೆ. ಪ್ರವಾದಿ ವೈದ್ಯಶಾಸ್ತ್ರ ಬರೆಯಲಿಲ್ಲ, ಸೆರೆಹೋದ ಒಂದು ಜನಾಂಗಕ್ಕೆ ಭರವಸೆ ಬರೆದ. ಆದರೂ ಮೃದುವಾಗಬೇಕಾದ್ದು ಕಲ್ಲಾದ ಕಡೆ, ಗಟ್ಟಿ ನಿಲ್ಲಬೇಕಾದ್ದು ಚದುರಿಹೋಗುತ್ತದೆ ಎಂಬುದನ್ನು ಅವನು ಕಂಡಿದ್ದ.

ನನ್ನ ತಪ್ಪು

ಇಲ್ಲಿ ನಾನು ಒಂದು ತಪ್ಪೊಪ್ಪಿಗೆ ಮಾಡಬೇಕು. ಈ ಅಜ್ಜಿ ತಪಸ್ಸುಕಾಲದ ನಲವತ್ತು ದಿನವೂ ಹಾಲು ಮುಟ್ಟದೆ, ಕರಿಕಾಫಿ ಕುಡಿದು, ಒಂದೇ ಹೊತ್ತು ಉಂಡು ಉಪವಾಸ ಮಾಡುತ್ತಿದ್ದರು. ಒಂದು ವರ್ಷ ನಾನು ಪ್ರಬೋಧನೆಯಲ್ಲಿ ಹೆಸರು ಹೇಳದೆ ಅವರನ್ನು ಎಲ್ಲರಿಗೂ ಮಾದರಿಯಾಗಿ ತೋರಿಸಿದ್ದೆ. ಅವರಿಗೆ ಅದು ಗೊತ್ತಾಗಿತ್ತು. ಮರುವರ್ಷ ಉಪವಾಸವನ್ನು ಇನ್ನಷ್ಟು ಬಿಗಿ ಮಾಡಿದರು.

ಉಪವಾಸದಿಂದಲೇ ಅವರ ಮೂಳೆ ಮುರಿಯಿತು ಎಂದು ನಾನು ಹೇಳಲಾರೆ. ಆದರೆ 1983ರ ಧರ್ಮಸಭೆಯ ಕಾನೂನು ಸಂಹಿತೆಯ 1252ನೇ ವಿಧಿಯ ಪ್ರಕಾರ 59 ವರ್ಷ ತುಂಬಿದವರಿಗೆ ಉಪವಾಸದ ಕಟ್ಟಳೆಯೇ ಇಲ್ಲ. ಇದನ್ನು ಅವರಿಗೆ ತಿಳಿಸಬೇಕಾದವನು ನಾನು. ತಿಳಿಸದೆ ಹೊಗಳಿದೆ. ಉಪವಾಸ ಒಳ್ಳೆಯದೇ, ಆದರೆ ಒಳ್ಳೆಯದನ್ನು ಅದರ ಜಾಗದಲ್ಲಿ ಇಡುವ ಕಾವಲು ಕೆಲಸ ಕುರುಬನದು. ಅಲ್ಲಿ ನಾನು ತಪ್ಪಿದೆ.

ಮನೆಯಲ್ಲಿ ಆದದ್ದೂ ಇದೇ. ಆ ಹಸುವನ್ನು ಸಾಕಿದವರು ಅವರು, ಹಾಲು ಕರೆದವರು ಅವರು. ಡೈರಿಗೆ ಹೋಯಿತು, ಮೊಮ್ಮಕ್ಕಳಿಗೆ ಹೋಯಿತು, ಬಂದವರ ಕಾಫಿಗೆ ಹೋಯಿತು. ಅವರ ಲೋಟಕ್ಕೆ ಬರಲಿಲ್ಲ. ಮೂಳೆ ಸಾಲ ಕೊಟ್ಟಂತೆಯೇ ಎಷ್ಟೋ ತಾಯಂದಿರು ಮನೆಗೆ ಕೊಡುತ್ತಾರೆ, ಸದ್ದಿಲ್ಲದೆ. ಎಲ್ಲ ಸರಿಯಾಗಿದೆ ಎಂದು ನಾವು ಅಂದುಕೊಳ್ಳುತ್ತೇವೆ. ಅವ್ವ ಉಂಡರೇ ಎಂದು ನಿಮ್ಮ ಮನೆಯಲ್ಲಿ ಕಡೆಯ ಸಲ ಕೇಳಿದವರು ಯಾರು? ಒಂದು ಅಂಗ ನರಳಿದರೆ ಇಡೀ ದೇಹ ನರಳುತ್ತದೆಂದು ಸಂತ ಪೌಲರು ಕೊರಿಂಥದವರಿಗೆ ಬರೆದದ್ದು ಕುಟುಂಬಕ್ಕೂ ಸಲ್ಲುತ್ತದೆ.

ಮಾಡಬೇಕಾದ್ದೇನು?

ರಕ್ತನಾಳದಲ್ಲಿ ಸುಣ್ಣ ಕಟ್ಟಿದೆ ಎಂದು ಹಾಲು, ಮೊಸರು, ರಾಗಿ ಬಿಡಬೇಡಿ. ಬಿಟ್ಟರೆ ಮೂಳೆ ಇನ್ನಷ್ಟು ಸಾಲ ಕೊಡಬೇಕಾಗುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮುಟ್ಟು ನಿಂತ ಹೆಂಗಸರಿಗೆ ದಿನಕ್ಕೆ 1200 ಮಿಲಿಗ್ರಾಂ ಬೇಕೆಂದು ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದೆ. ಆದಷ್ಟೂ ಅದು ಊಟದಿಂದಲೇ ಬರಲಿ. ಸೊಪ್ಪು ತಿನ್ನಿ. ರಕ್ತ ತಿಳಿಯಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಸೊಪ್ಪಿನ ಪ್ರಮಾಣವನ್ನು ವೈದ್ಯರಲ್ಲಿ ಕೇಳಿಕೊಳ್ಳಲಿ.

ಮಾತ್ರೆಗಳನ್ನು ಅಂಗಡಿಯಿಂದ ತಂದು ಮನಬಂದಂತೆ ನುಂಗಬೇಡಿ. ಕ್ಯಾಲ್ಸಿಯಂ ಮಾತ್ರೆಗಳಿಂದ ಹೃದಯಾಘಾತ ಹೆಚ್ಚಬಹುದೆಂಬ ಶಂಕೆಯನ್ನು 2008ರಲ್ಲಿ ನ್ಯೂಜಿಲೆಂಡಿನ ಅಧ್ಯಯನವೊಂದು ಎತ್ತಿತು. ಎಲ್ಲ ಸಂಶೋಧಕರೂ ಅದನ್ನು ಒಪ್ಪಿಲ್ಲ. ಆದರೂ ಎಷ್ಟು ಬೇಕು, ಕಿಡ್ನಿ ಹೇಗಿದೆ ಎಂದು ನೋಡಿ ವೈದ್ಯರು ಬರೆದುಕೊಟ್ಟಷ್ಟನ್ನೇ ತೆಗೆದುಕೊಳ್ಳುವುದು ಕ್ಷೇಮ. ಬಿಸಿಲಿಗೆ ಮೈಯೊಡ್ಡಿ, ನಡೆಯಿರಿ. ಬೀಡಿ ಸಿಗರೇಟು ಬಿಡಿ. ಸಕ್ಕರೆ ಮತ್ತು ರಕ್ತದೊತ್ತಡ ಹತೋಟಿಯಲ್ಲಿರಲಿ. ವಯಸ್ಸಾದವರು ಸಣ್ಣ ಪೆಟ್ಟಿಗೇ ಮೂಳೆ ಮುರಿದುಕೊಂಡರೆ ಕಟ್ಟು ಹಾಕಿಸಿ ಸುಮ್ಮನಾಗದೆ ಮೂಳೆಯ ಸಾಂದ್ರತೆ ಪರೀಕ್ಷಿಸಿ, ಹೃದಯವನ್ನೂ ತೋರಿಸಿ.

ಕಳೆದ ಮೊದಲ ಶುಕ್ರವಾರ ಹೋದಾಗ ಅಜ್ಜಿ ದಿಂಬಿಗೆ ಒರಗಿ ಕುಳಿತಿದ್ದರು. ಮಗ ವೈದ್ಯರ ಚೀಟಿ ತೋರಿಸಿದ, ದಿನಕ್ಕೆ ಒಂದೇ ಮಾತ್ರೆ. ನಾನು ಅಜ್ಜಿಯ ಕ್ಷಮೆ ಕೇಳಿದೆ. "ಬರೋ ತಪಸ್ಸುಕಾಲಕ್ಕೆ ಏನು ಬಿಡಲಿ ಸ್ವಾಮಿ?" ಎಂದರು. "ಏನೂ ಬಿಡಬೇಡಿ ಅಮ್ಮ, ದಿನಾ ಒಂದು ಲೋಟ ಹಾಲು ಕುಡಿಯಿರಿ. ನಿಮಗೆ ಅದೇ ಕಷ್ಟದ ತಪಸ್ಸು" ಎಂದೆ. ಅವರು ನಕ್ಕರು. ಪರಮಪ್ರಸಾದ ಕೊಟ್ಟ ಮೇಲೆ ಸೊಸೆ ಒಳಗಿನಿಂದ ಲೋಟ ತಂದು ಮೊದಲು ನನಗೆ ನೀಡಿದಳು. ನಾನು ಅದನ್ನು ಅಜ್ಜಿಯ ಕೈಗೆ ಕೊಟ್ಟೆ.

ನಮ್ಮ ಮನೆಗಳಲ್ಲಿ ಪ್ರತಿಯೊಂದು ಒಳಿತೂ ಅದು ಸೇರಬೇಕಾದ ಕಡೆ ಸೇರುವಂತೆ ಪ್ರಭು ನಮ್ಮ ಕಣ್ಣು ತೆರೆಸಲಿ. ಆಮೆನ್.