ಅನುದ್ಯೂತ



ದ್ಯೂತವೆಂದೊಡನೆ ನಮಗೆ ದ್ರೌಪದೀದೇವಿಯ ಸಭಾಪ್ರಸಂಗವು ನೆನಪಾಗುತ್ತದೆ. ಪಾಂಡವರನ್ನು ಕಾಡಿಗೆ ಕಳುಹಿಸಿದ್ದು ಆಮೇಲಿನ ಅನುದ್ಯೂತವೆಂಬುದನ್ನು ಮರೆಯುತ್ತೇವೆ. ಧೃತರಾಷ್ಟ್ರನು ದ್ರೌಪದಿಗಿತ್ತ ವರಗಳಿಂದ ಪತಿಗಳು ದಾಸ್ಯಮುಕ್ತರಾದರು. ಸೋತ ರಾಜ್ಯವೂ ಮರಳಿತು. ಇಂದ್ರಪ್ರಸ್ಥದ ದಾರಿ ಹಿಡಿದಿದ್ದ ಧರ್ಮರಾಜನಿಗೆ ಮತ್ತೆ ಕರೆ ಬಂದಿತು. ಹೋದನು, ಒಂದೇ ಆಟದಲ್ಲಿ ಸೋತನು. 12 ವರ್ಷ ವನವಾಸ, 1 ವರ್ಷ ಅಜ್ಞಾತವಾಸ!

ಆ ಕರೆಯ ಹಿಂದಿದ್ದ ದುರ್ಯೋಧನನು ಕಲಿಯ ಅವತಾರವೆಂಬುದು ನಮ್ಮ ಸಿದ್ಧಾಂತ. ಪರೀಕ್ಷಿದ್ರಾಜನು ಕಲಿಗಿತ್ತ ನೆಲೆಗಳಲ್ಲಿ ದ್ಯೂತವೂ ಸುವರ್ಣವೂ ಸೇರಿವೆಯೆಂದು ಭಾಗವತವು ಹೇಳುತ್ತದೆ. ಇಂದು ಆ ಕರೆ ಮೊಬೈಲಿನಲ್ಲಿ ಬರುತ್ತದೆ. ತುರುಪಿನಾಟವಾಗಲಿ, ರಮ್ಮಿಯಾಗಲಿ, ಸೋತದ್ದನ್ನು ಮರಳಿ ಗೆಲ್ಲೆಂಬುದೇ ಅದರ ಮಾತು.

ಮೊಳಕಾಲ್ಮೂರಿನ ಮಗ್ಗದಲ್ಲಿ ರೇಷ್ಮೆ ಸೀರೆಯು ಎಳೆ ಎಳೆಯಾಗಿ ಬೆಳೆಯುತ್ತದೆ. ಚಳ್ಳಕೆರೆಯ ಶೇಂಗಾ ಮಳೆಗಾಗಿ ಕಾಯುತ್ತದೆ. ಹಾಗೆ ಗಳಿಸಿದ್ದು ಒಂದು ರಾತ್ರಿಯಲ್ಲಿ ಹೋಗುವುದನ್ನು ಕಂಡಿದ್ದೇವೆ. ತಾಯಿಯ ಒಡವೆ ಮಾರಿ ಸಾಲ ತೀರಿಸಿದ ಮೇಲೂ ಮಗನು ಮತ್ತೆ ಆಡಿದ್ದನ್ನೂ ಕಂಡಿದ್ದೇವೆ.

2025ರ ಆಗಸ್ಟ್‌ನಲ್ಲಿ ಸಂಸತ್ತು ಹಣವಿಟ್ಟಾಡುವ ಅಂತರ್ಜಾಲದ ಆಟಗಳನ್ನು ನಿಷೇಧಿಸುವ ಶಾಸನವನ್ನು ಅಂಗೀಕರಿಸಿತು. ಆದರೂ ಸೋತವನ ಮನಸ್ಸಿನಲ್ಲಿ ಆ ಕರೆ ನಿಲ್ಲುವುದಿಲ್ಲ. ಆದುದರಿಂದ ಸೋತು ಬಂದವನನ್ನು ಮನೆಯಿಂದ ಅಟ್ಟಬೇಡಿರಿ. ಸಾಲ ತೀರಿಸಿ ಸುಮ್ಮನಾಗಲೂ ಬೇಡಿರಿ. ಕೆಲಕಾಲ ಹಣದ ವ್ಯವಹಾರವನ್ನು ಮನೆಯವರೇ ನೋಡಿಕೊಳ್ಳಲಿ. ರಾತ್ರಿಯ ಹೊತ್ತು ಅವನೊಬ್ಬನೇ ಇರದಿರಲಿ.

ತಾನು ದ್ವಾರಕೆಯಲ್ಲಿದ್ದಿದ್ದರೆ ಕರೆಯದಿದ್ದರೂ ಬಂದು ದ್ಯೂತವನ್ನು ತಡೆಯುತ್ತಿದ್ದೆನೆಂದು ಶ್ರೀಕೃಷ್ಣನು ವನಪರ್ವದಲ್ಲಿ ಹೇಳುತ್ತಾನೆ. ಕರೆಯದಿದ್ದರೂ ಹೋಗಿ ತಡೆಯುವ ಬಂಧುತ್ವವನ್ನು ಶ್ರೀಹರಿವಾಯುಗಳು ನಮಗೆ ಅನುಗ್ರಹಿಸಲಿ.

ಶ್ರೀಕೃಷ್ಣಾರ್ಪಣಮಸ್ತು.