ದೂರವೆಂದರೇನು?

ಚೆನ್ನೈ ನಗರದಿಂದ ಅಂಡಮಾನಿನ ರಾಜಧಾನಿಗೆ ಎಷ್ಟು ದೂರವೆಂದು ಕೇಳಿದರೆ, ಇಂದಿನ ತರುಣರು ‘ಎರಡು ಗಂಟೆಗಳಿಗಿಂತ ಸ್ವಲ್ಪ ಹೆಚ್ಚು’ ಎಂದು ಉತ್ತರವೀಯುವರು. ಕೇಳಿದುದು ದೂರ, ಹೇಳಿದುದು ಕಾಲ. ಆದರೂ ಕೇಳಿದವನಿಗೆ ಇದು ಅಸಂಗತವೆಂದು ತೋರುವುದಿಲ್ಲ. ಈ ಉತ್ತರದಲ್ಲಿ ಅಡಗಿರುವ ಭ್ರಾಂತಿಯನ್ನು ಕುರಿತು ಕೊಂಚ ವಿಚಾರಮಾಡುವುದು ಅನುಚಿತವಾಗಲಾರದು.

ಪೋರ್ಟ್ ಬ್ಲೇರ್ ಎಂದು ಪ್ರಸಿದ್ಧವಾಗಿದ್ದ ಆ ಪಟ್ಟಣಕ್ಕೆ 2024ರಲ್ಲಿ ಶ್ರೀವಿಜಯಪುರಂ ಎಂಬ ಹೆಸರಾಯಿತು. ಆಕಾಶಮಾರ್ಗದಲ್ಲಿ ನಡುವಣ ಅಂತರವು ಸುಮಾರು 1,370 ಕಿಲೋಮೀಟರು. ಹಡಗಿನಲ್ಲಿ ಹೊರಟವನಿಗೆ ಸುಮಾರು ಮೂರು ದಿನಗಳು ಬೇಕು. ವಿಮಾನ ಬಂದಿತೆಂದು ಸಮುದ್ರವೇನೂ ಕಿರಿದಾಗಲಿಲ್ಲ. ಕಿರಿದಾದುದು ನಮ್ಮ ಶ್ರಮ ಮಾತ್ರ.

ನಮ್ಮ ವೈಶೇಷಿಕರು ಪರತ್ವ, ಅಪರತ್ವಗಳೆಂಬ ಗುಣಗಳನ್ನು ಹೇಳಿ, ಅವು ದಿಕ್ಕಿನಿಂದಲೂ ಕಾಲದಿಂದಲೂ ಉಂಟಾಗುವುವೆಂದು ವಿಂಗಡಿಸಿದರು. ಅಪೇಕ್ಷಾಬುದ್ಧಿಯಿಲ್ಲದೆ ಅವು ಹುಟ್ಟವೆಂದೂ ಹೇಳಿದರು. ಇದರಿಂದ ನಾನು ಗ್ರಹಿಸುವುದಿಷ್ಟು: ‘ದೂರ’ ಎಂದೊಡನೆ ‘ಯಾರಿಗೆ?’ ಎಂಬ ಪ್ರಶ್ನೆಯು ಏಳಲೇಬೇಕು.

1857ರ ಸಂಗ್ರಾಮದ ತರುವಾಯ, 1858ರಲ್ಲಿ, ಆಂಗ್ಲ ಸರಕಾರವು ಅಲ್ಲಿ ಬಂದಿಗಳ ವಸಾಹತನ್ನು ಸ್ಥಾಪಿಸಿತು. 1906ರಲ್ಲಿ ಪೂರ್ಣಗೊಂಡ ಸೆಲ್ಯುಲರ್ ಜೈಲಿನಲ್ಲಿ ಒಬ್ಬೊಬ್ಬನಿಗೆ ಒಂದೊಂದು ಕೋಣೆ. ಬೌಧಾಯನ ಧರ್ಮಸೂತ್ರವು ಸಮುದ್ರಯಾನವನ್ನು ಪಾತಿತ್ಯಕ್ಕೆ ಕಾರಣವೆಂದು ಎಣಿಸಿದೆ. ಅದನ್ನು ನಂಬಿದವರಿಗೆ ‘ಕಾಲಾಪಾನಿ’ಯ ದಂಡನೆಯು ಇಮ್ಮಡಿಯಾಯಿತು. ಅವರನ್ನು ಮನೆಯಿಂದ ಅಗಲಿಸಿದುದು ಬರಿಯ ನೀರಲ್ಲ. ಹಿಂದಿರುಗುವ ದಾರಿ ಮುಚ್ಚಿದುದು. ಇಂದಾದರೋ ಅದೇ ದ್ವೀಪದ ರೋಗಿಯನ್ನು ಅರ್ಧ ದಿನದೊಳಗೆ ಚೆನ್ನೈಯ ವೈದ್ಯರ ಬಳಿಗೆ ಒಯ್ಯಬಹುದು. ವೇಗವನ್ನು ಹಳಿಯುವವರು ಆ ರೋಗಿಯ ಮನೆಯವರ ಮುಂದೆ ನಿಂತು ಹಳಿಯಲಿ.

ಆದರೆ ತಲಪುವ ಸಾಮರ್ಥ್ಯದಿಂದಲೇ ತಲಪುವ ಅಧಿಕಾರವೂ ಹುಟ್ಟುವುದೆ? ಆ ಪಟ್ಟಣದ ಪಶ್ಚಿಮಕ್ಕೆ ಸುಮಾರು 50 ಕಿಲೋಮೀಟರು ದೂರದಲ್ಲಿ ಉತ್ತರ ಸೆಂಟಿನೆಲ್ ದ್ವೀಪವುಂಟು. ಅಲ್ಲಿಯ ಜನರು ಹೊರಗಿನವರನ್ನು ಒಲ್ಲರು. ವಸಾಹತು ಬಂದ ಮೇಲೆ ಗ್ರೇಟ್ ಅಂಡಮಾನೀ ಜನಾಂಗವು, ಬಹುಮಟ್ಟಿಗೆ ಹೊರಗಿನಿಂದ ಬಂದ ರೋಗಗಳಿಂದ, ಸಾವಿರಗಳ ಎಣಿಕೆಯಿಂದ ಕೆಲವು ಹತ್ತುಗಳಿಗೆ ಇಳಿಯಿತು. ಇದನ್ನು ನೆನೆದರೆ ಸೆಂಟಿನೆಲಿನವರ ನಿರಾಕರಣೆಯನ್ನು ಅವಿವೇಕವೆನ್ನಲಾಗದು. ಮೂಲನಿವಾಸಿಗಳ ರಕ್ಷಣೆಗಾಗಿ 1956ರಲ್ಲಿ ಶಾಸನವಾಗಿದೆ. ಆ ದ್ವೀಪಕ್ಕೆ ಪ್ರವೇಶವು ನಿಷಿದ್ಧ. 2018ರಲ್ಲಿ ನಿಷೇಧವನ್ನು ಮೀರಿ ಹೋದ ಅಮೇರಿಕದ ತರುಣನೊಬ್ಬನು ಅಲ್ಲಿಯೇ ಮಡಿದನು. ಸಾವಿರಾರು ಮೈಲಿಗಳನ್ನು ದಾಟಿದವನಿಗೆ ಕಡೆಯ ಕೆಲವು ಮಾರುಗಳು ದಾಟಬಾರದವಾಗಿದ್ದುವು.

ನೆರೆಮನೆಯ ಹೊಸ್ತಿಲು ಹತ್ತೇ ಹೆಜ್ಜೆಯಲ್ಲಿದ್ದರೂ ಕರೆಯದೆ ಒಳಹೊಗುವುದು ಸಭ್ಯತೆಯಲ್ಲ. ಆ ಹತ್ತು ಹೆಜ್ಜೆಗಳನ್ನು ಅಳೆಯಬೇಕಾದವನು ಒಳಗಿರುವವನು, ಹೊರಗೆ ನಿಂತವನಲ್ಲ. ಹಡಗಿನ ಮೂರು ದಿನಗಳಲ್ಲಿ, ತಾನು ಪರರ ನೆಲಕ್ಕೆ ಹೋಗುತ್ತಿರುವೆನೆಂಬ ಎಚ್ಚರವು ಮೂಡಲು ಅವಕಾಶವಿದ್ದಿತು. ವಿಮಾನದಲ್ಲಿ ಅಷ್ಟು ಅವಕಾಶವಿಲ್ಲ. ಆದಕಾರಣ ಹೊರಡುವ ಮುನ್ನವೇ ನಾವು ಆ ಎಚ್ಚರವನ್ನು ತಂದುಕೊಳ್ಳಬೇಕು. ದೂರವನ್ನು ಗೆಲ್ಲುವುದು ಯಂತ್ರದ ಕೆಲಸ. ಎಲ್ಲಿ ನಿಲ್ಲಬೇಕೆಂದು ತಿಳಿಯುವುದು ಮನುಷ್ಯನ ಕೆಲಸ.